ಮುಂಗಾಜು ಬದಲಿಸುವ ಖರ್ಚು: ಗಾಜಿನಲ್ಲಿ ಉಳಿಸಬಹುದು, ಅಂಟಿನಲ್ಲಿ ಉಳಿಸಬಾರದು

ಪ್ರಶ್ನೆ: ಹೆದ್ದಾರಿಯಲ್ಲಿ ಮುಂದಿದ್ದ ಲಾರಿಯ ಚಕ್ರದಡಿಯಿಂದ ಸಿಡಿದ ಕಲ್ಲೊಂದು ನನ್ನ ಕಾರಿನ ಮುಂಗಾಜಿಗೆ ಬಡಿಯಿತು. ಮೊದಲ ದಿನ ಕಿರುಬೆರಳಿನ ಉಗುರಿನಷ್ಟಿದ್ದ ಗಾಯ ನಾಲ್ಕೇ ದಿನಗಳಲ್ಲಿ ಕೆಳಗಿನ ಅಂಚನ್ನು ಮುಟ್ಟುವ ಗೇಣುದ್ದದ ಬಿರುಕಾಗಿದೆ. ಕಾರಿಗೆ ಆರು ವರ್ಷ. ಒಳಗನ್ನಡಿಯ ಹಿಂದೆ ಒಂದು ಕ್ಯಾಮೆರಾ ಮತ್ತು ಮಳೆ ಬಂದರೆ ವೈಪರ್ ತಾನೇ ಓಡುವಂತೆ ಮಾಡುವ ಸೆನ್ಸರ್ ಇವೆ. ಕಾರು ಕಂಪನಿಯ ಸರ್ವಿಸ್ ಸೆಂಟರ್, ಗಾಜಿನ ಕೆಲಸವನ್ನೇ ಮಾಡುವ ಒಂದು ದೊಡ್ಡ ಅಂಗಡಿ ಮತ್ತು ಒಂದು ಸಣ್ಣ ಗ್ಯಾರೇಜ್, ಹೀಗೆ ಮೂರು ಕಡೆ ವಿಚಾರಿಸಿದೆ. ಮೊದಲನೆಯವರು ಹೇಳಿದ ದರ ಕೊನೆಯವರದರ ಸುಮಾರು ಮೂರು ಪಟ್ಟಿದೆ. ಇಷ್ಟು ವ್ಯತ್ಯಾಸ ಏಕೆ? ಕಂಪನಿಯ ಗಾಜೇ ಬೇಕೇ? ಬಿರುಕನ್ನು ತುಂಬಿಸಿಕೊಂಡರೆ ಸಾಲದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ. ಬಿರುಕು ಅಂಚನ್ನು ಮುಟ್ಟಿರುವುದರಿಂದ ದುರಸ್ತಿಯ ಅವಕಾಶ ಕೈತಪ್ಪಿದೆ, ಗಾಜನ್ನು ಬದಲಿಸಲೇಬೇಕು. ಗಾಯ ಉಗುರಿನಷ್ಟಿದ್ದಾಗ ಬಂದಿದ್ದರೆ, ಅದರೊಳಗಿನ ಗಾಳಿಯನ್ನು ಹೀರಿ ತೆಗೆದು, ತೆಳುವಾದ ರಾಳವನ್ನು ಒತ್ತಡದಲ್ಲಿ ತುಂಬಿಸಿ, ನೇರಳಾತೀತ ದೀಪದಡಿ ಗಟ್ಟಿಗೊಳಿಸುವ ಅರ್ಧ ಗಂಟೆಯ ಕೆಲಸದಲ್ಲಿ ಮುಗಿಯುತ್ತಿತ್ತು, ಮತ್ತು ಅದಕ್ಕೆ ತಗಲುವುದು ಹೊಸ ಗಾಜಿನ ಖರ್ಚಿನ ಒಂದು ಸಣ್ಣ ಪಾಲು ಮಾತ್ರ. ಆದರೆ ಗಾಜಿನ ಅಂಚು ಅದರ ಅತ್ಯಂತ ದುರ್ಬಲ ಜಾಗ. ಗುಂಡಿಗಳ ಮೇಲೆ ಕಾರು ಇಳಿದೇರಿದಾಗಲೆಲ್ಲ ಬಾಡಿ ಕೊಂಚ ತಿರುಚಿಕೊಳ್ಳುತ್ತದೆ, ಆ ಎಳೆತವೆಲ್ಲ ಅಂಟಿನ ಮೂಲಕ ಅಂಚಿಗೇ ಬರುತ್ತದೆ. ಅಲ್ಲಿಗೆ ತಲುಪಿದ ಬಿರುಕು ರಾಳ ತುಂಬಿದ ಮೇಲೂ ಸಾಮಾನ್ಯವಾಗಿ ಮುಂದುವರಿಯುತ್ತದೆ. ಚಾಲಕನ ನೇರ ನೋಟಕ್ಕೆ ಅಡ್ಡ ಬರುವ ಗಾಯವನ್ನೂ ತುಂಬಿಸಿ ಬಿಡುವುದು ಸರಿಯಲ್ಲ, ಏಕೆಂದರೆ ಎಷ್ಟು ಚೆನ್ನಾಗಿ ಮಾಡಿದರೂ ಒಂದು ಮಸುಕು ಕಲೆ ಉಳಿಯುತ್ತದೆ, ಎದುರಿನ ವಾಹನದ ದೀಪ ಬಿದ್ದಾಗ ಅದು ಹೊಳೆಯುತ್ತದೆ. ಬ್ರಿಟನ್ನಿನ ವಾರ್ಷಿಕ ವಾಹನ ತಪಾಸಣೆಯಲ್ಲಿ ಸ್ಟೀರಿಂಗ್ ಚಕ್ರಕ್ಕೆ ನೇರವಾಗಿ 290 ಮಿಲಿಮೀಟರ್ ಅಗಲದ ಪಟ್ಟಿಯೊಳಗೆ 10 ಮಿಲಿಮೀಟರಿಗಿಂತ ದೊಡ್ಡ ಗಾಯವನ್ನು, ವೈಪರ್ ಒರೆಸುವ ಉಳಿದ ಭಾಗದಲ್ಲಿ 40 ಮಿಲಿಮೀಟರಿಗಿಂತ ದೊಡ್ಡದನ್ನು ಒಪ್ಪುವುದಿಲ್ಲ. ಆ ನಿಯಮ ನಿಮಗೆ ಅನ್ವಯಿಸದಿದ್ದರೂ ಅಳತೆಗೋಲಾಗಿ ಅದು ಚೆನ್ನಾಗಿದೆ. ಮುಂದೆ ಎಂದಾದರೂ ಕಲ್ಲು ಬಡಿದರೆ, ಅದೇ ದಿನ ಆ ಜಾಗವನ್ನು ಒರೆಸಿ ಪಾರದರ್ಶಕ ಟೇಪು ಅಂಟಿಸಿ. ಒಳಗೆ ನೀರು, ಧೂಳು ಸೇರಿದ ಗಾಯದಲ್ಲಿ ರಾಳ ಸರಿಯಾಗಿ ಇಳಿಯುವುದಿಲ್ಲ. ಬಿಸಿಲಿಗೆ ಕಾದ ಗಾಜಿನ ಮೇಲೆ ಏಸಿಯ ತಂಪು ಗಾಳಿಯನ್ನು ಒಮ್ಮೆಲೇ ಬಿಡಬೇಡಿ. ನಿಮ್ಮ ಗಾಯ ನಾಲ್ಕು ದಿನಗಳಲ್ಲಿ ಗೇಣುದ್ದವಾದದ್ದಕ್ಕೆ ಇಂಥ ಬಿಸಿ ತಂಪುಗಳ ಎಳೆದಾಟವೂ ಕಾರಣವಾಗಿರಬಹುದು.

ಈಗ ದರದ ಮಾತು. ಮೂವರೂ ನಿಮಗೆ ಒಟ್ಟು ಮೊತ್ತವನ್ನಷ್ಟೇ ಹೇಳಿದ್ದಾರೆಯೇ ಹೊರತು ಅದರೊಳಗೆ ಏನೇನಿದೆ ಎಂದು ಬಿಡಿಸಿ ಹೇಳಿಲ್ಲ ಎಂದು ಭಾವಿಸುತ್ತೇನೆ. ಆ ಮೊತ್ತದಲ್ಲಿ ಗಾಜು ಒಂದು ಪಾಲು. ಉಳಿದದ್ದು ಅಂಟು ಮತ್ತು ಅದು ಚೆನ್ನಾಗಿ ಹಿಡಿಯಲೆಂದು ಮೊದಲು ಹಚ್ಚುವ ಪ್ರೈಮರ್, ಅಂಚಿನ ಬೀಡಿಂಗ್ ಮತ್ತು ಕ್ಲಿಪ್ಪುಗಳು, ಕೆಲಸಗಾರರ ಕೂಲಿ, ಮಳೆ ಸೆನ್ಸರಿನ ಪ್ಯಾಡ್, ಕ್ಯಾಮೆರಾದ ಕ್ಯಾಲಿಬ್ರೇಷನ್, ಅಂದರೆ ಅದರ ದಿಕ್ಕನ್ನು ಅಳತೆಗೆ ಸರಿಹೊಂದಿಸುವ ಕೆಲಸ. ಸಣ್ಣ ಗ್ಯಾರೇಜಿನವರ ದರ ಕಡಿಮೆಯಿರುವುದು ಅವರ ಗಾಜು ಅಗ್ಗವೆಂದೋ, ಲಾಭ ಕಡಿಮೆಯೆಂದೋ ಆಗಿದ್ದರೆ ಅದು ನಿಮ್ಮ ಅದೃಷ್ಟ. ಆದರೆ ಕ್ಯಾಲಿಬ್ರೇಷನ್ ಅವರ ಲೆಕ್ಕದಲ್ಲೇ ಇಲ್ಲದ್ದರಿಂದ, ಹಳೆಯ ಬೀಡಿಂಗನ್ನೇ ಮತ್ತೆ ಒತ್ತಿ ಕೂರಿಸುವುದರಿಂದ, ಪ್ರೈಮರನ್ನು ಬಿಟ್ಟುಬಿಡುವುದರಿಂದ ಕಡಿಮೆಯಾಗಿದ್ದರೆ, ನೀವು ಹೋಲಿಸುತ್ತಿರುವುದು ಒಂದೇ ಕೆಲಸದ ಮೂರು ದರಗಳನ್ನಲ್ಲ, ಮೂರು ಬೇರೆ ಬೇರೆ ಕೆಲಸಗಳನ್ನು. ಆದ್ದರಿಂದ ಮೂವರಿಂದಲೂ ಬಾಬತ್ತುವಾರು ಅಂದಾಜು ಪಟ್ಟಿಯನ್ನು ಬರೆಹದಲ್ಲಿ ಕೇಳಿ. ಕೊಡಲು ಹಿಂಜರಿದವರನ್ನು ಅಲ್ಲಿಗೇ ಕೈಬಿಡಬಹುದು.

ಈ ಪಟ್ಟಿಯಲ್ಲಿ ಅತ್ಯಂತ ಚಿಕ್ಕ ಬಾಬತ್ತಾಗಿ ಕಾಣುವ ಅಂಟಿನ ಬಗ್ಗೆಯೇ ನಾನು ಹೆಚ್ಚು ಹೇಳಬೇಕಾಗಿದೆ. ಹಳೆಯ ಕಾರುಗಳಲ್ಲಿ ಮುಂಗಾಜು ರಬ್ಬರಿನ ತೋಡಿನಲ್ಲಿ ಕೂತಿರುತ್ತಿತ್ತು, ಗಾಳಿ ಮಳೆಯನ್ನು ತಡೆಯುವುದಷ್ಟೇ ಅದರ ಕೆಲಸವಾಗಿತ್ತು. ಇಂದಿನ ಕಾರುಗಳಲ್ಲಿ ಅದನ್ನು ಪಾಲಿಯುರೆಥೇನ್ ಅಂಟಿನಿಂದ ಬಾಡಿಯ ಚೌಕಟ್ಟಿಗೆ ಬೆಸೆದಿರುತ್ತಾರೆ, ಹಾಗಾಗಿ ಅದು ಬಾಡಿಯ ಒಂದು ಅಂಗವೇ ಆಗಿದೆ. ಕಾರು ಪಲ್ಟಿಯಾದಾಗ ಛಾವಣಿ ಕುಸಿಯದಂತೆ ತಡೆಯುವುದರಲ್ಲಿ ಅದಕ್ಕೂ ಪಾತ್ರವಿದೆ. ಇನ್ನೂ ಮುಖ್ಯವಾದದ್ದು ಪಕ್ಕದ ಸೀಟಿನ ಏರ್‌ಬ್ಯಾಗ್. ಬಹಳಷ್ಟು ಕಾರುಗಳಲ್ಲಿ ಅದು ಡ್ಯಾಶ್‌ಬೋರ್ಡಿನಿಂದ ಮೇಲಕ್ಕೆ ಸಿಡಿದು, ಮುಂಗಾಜಿಗೆ ಬಡಿದು, ಅಲ್ಲಿಂದ ಕೂತವರ ಕಡೆಗೆ ತಿರುಗುತ್ತದೆ. ಕಣ್ಣು ಮಿಟುಕಿಸುವುದಕ್ಕಿಂತ ಬೇಗ ನಡೆದುಹೋಗುವ ಆ ಕ್ರಿಯೆಯಲ್ಲಿ ಗಾಜು ತನ್ನ ಜಾಗದಲ್ಲಿ ಗಟ್ಟಿಯಾಗಿ ನಿಂತರೆ ಮಾತ್ರ ಏರ್‌ಬ್ಯಾಗ್ ತನ್ನ ಕೆಲಸ ಮಾಡುತ್ತದೆ. ಅಂಟು ಹಿಡಿಯದೆ ಗಾಜು ಹೊರಕ್ಕೆ ತಳ್ಳಿಹೋದರೆ ಏರ್‌ಬ್ಯಾಗೂ ಅದರ ಹಿಂದೆಯೇ ಹೋಗುತ್ತದೆ, ಸೀಟಿನಲ್ಲಿ ಕೂತವರಿಗೆ ರಕ್ಷಣೆ ಸಿಗುವುದಿಲ್ಲ.

ಒಮ್ಮೆ ನನ್ನ ಬಳಿಗೆ ಬಂದ ಒಂದು ಕಾರಿನಲ್ಲಿ, ಎರಡು ವರ್ಷಗಳ ಹಿಂದೆ ಬೇರೆಲ್ಲೋ ಹಾಕಿಸಿದ್ದ ಗಾಜಿನ ಮೇಲಂಚಿನಿಂದ ಗಾಳಿಯ ಸಿಳ್ಳು ಬರುತ್ತಿದೆ ಎಂಬ ದೂರಿತ್ತು. ಅಂಟನ್ನು ಕೊಯ್ಯಲೆಂದು ಅಲಗು ಇಟ್ಟರೆ, ಮೇಲ್ಭಾಗದಲ್ಲಿ ಕೊಯ್ಯುವ ಪ್ರಮೇಯವೇ ಬರಲಿಲ್ಲ. ಅಂಟಿನ ಮೊಳದುದ್ದದ ಕಪ್ಪು ಪಟ್ಟಿ ಬೆರಳಿನಿಂದ ಎಳೆದರೆ ಟೇಪಿನಂತೆ ಎದ್ದು ಬಂತು. ಅದರಡಿಯ ಲೋಹದಲ್ಲಿ ಹಿಂದಿನ ಕೆಲಸಗಾರರ ಅಲಗು ಗೀರಿದ್ದ ಗೆರೆಗಳು ಕಾಣುತ್ತಿದ್ದವು, ಪ್ರತಿ ಗೆರೆಯ ಉದ್ದಕ್ಕೂ ಕೆಂಪು ತುಕ್ಕು ಹಬ್ಬಿತ್ತು. ಅಂಟು ಕಚ್ಚಿಕೊಂಡದ್ದು ಬಣ್ಣಕ್ಕಲ್ಲ, ತುಕ್ಕಿಗೆ. ತುಕ್ಕು ಕಳಚಿದಾಗ ಅಂಟೂ ಕಳಚಿತು. ಆ ಕಾರಿನವರು ಎರಡು ವರ್ಷ ಅದರಲ್ಲೇ ಮಕ್ಕಳನ್ನು ಮುಂದೆ ಕೂರಿಸಿಕೊಂಡು ಓಡಾಡಿದ್ದರು. ಅಂದಿನಿಂದ ಯಾರು ದರ ಕೇಳಿದರೂ ನಾನು ಮೊದಲು ಮಾತನಾಡುವುದು ಅಂಟಿನ ಬಗ್ಗೆಯೇ.

ಸರಿಯಾಗಿ ಮಾಡುವವರು ಹಳೆಯ ಗಾಜನ್ನು ತೆಗೆದ ಮೇಲೆ ಚೌಕಟ್ಟಿನಲ್ಲಿರುವ ಹಳೆಯ ಅಂಟನ್ನು ಪೂರ್ತಿ ಕೆರೆದು ಹಾಕುವುದಿಲ್ಲ. ಒಂದೆರಡು ಮಿಲಿಮೀಟರ್ ದಪ್ಪದ ಸಮತಟ್ಟಾದ ಪದರವನ್ನು ಉಳಿಸಿಕೊಳ್ಳುತ್ತಾರೆ, ಏಕೆಂದರೆ ಹೊಸ ಅಂಟು ಹಿಡಿಯಲು ಅದಕ್ಕಿಂತ ಒಳ್ಳೆಯ ನೆಲೆ ಬೇರೆ ಇಲ್ಲ. ಎಲ್ಲಾದರೂ ಬಣ್ಣ ಗೀರಿದ್ದರೆ ಅಲ್ಲಿ ಲೋಹದ ಪ್ರೈಮರ್ ಹಚ್ಚುತ್ತಾರೆ. ಹೊಸ ಗಾಜಿನ ಅಂಚಿನ ಕಪ್ಪು ಪಟ್ಟಿಯನ್ನು ಶುದ್ಧಗೊಳಿಸಿ, ಅಂಟಿನ ತಯಾರಕರು ಹೇಳಿದ ಪ್ರೈಮರ್ ಹಚ್ಚಿ, ಅದು ಒಣಗುವವರೆಗೆ ಕಾಯುತ್ತಾರೆ. ಆ ಕಪ್ಪು ಪಟ್ಟಿ ಅಲಂಕಾರಕ್ಕೆ ಇರುವುದಲ್ಲ. ಗಾಜಿನ ಮೇಲೆ ಸುಟ್ಟು ಕೂರಿಸಿದ ಆ ಲೇಪ ಬಿಸಿಲಿನ ನೇರಳಾತೀತ ಕಿರಣಗಳು ಅಂಟನ್ನು ಹಾಳು ಮಾಡದಂತೆ ಕಾಯುತ್ತದೆ. ಆಮೇಲೆ ಮೂಲೆಗಳಲ್ಲಿಯೂ ತುಂಡಾಗದ, ಅಡ್ಡಕೊಯ್ತದಲ್ಲಿ ತ್ರಿಕೋನದಂತೆ ನಿಲ್ಲುವ ಒಂದೇ ಎಳೆಯಾಗಿ ಅಂಟನ್ನು ಸುರಿಯುತ್ತಾರೆ. ಅಂಟಿನ ಕೊಳವೆಯ ಮೇಲೆ ಅವಧಿ ಮುಗಿಯುವ ದಿನಾಂಕ ಮುದ್ರಿಸಿರುತ್ತದೆ, ಅದನ್ನು ನೋಡಲು ಕೇಳುವುದರಲ್ಲಿ ಸಂಕೋಚ ಬೇಡ. ಯಾರಾದರೂ ಸಾಮಾನ್ಯ ಸಿಲಿಕೋನ್ ಸೀಲಂಟ್ ಕೈಗೆತ್ತಿಕೊಂಡರೆ ಅಲ್ಲಿಗೇ ಕೆಲಸ ನಿಲ್ಲಿಸಿ. ಅದಕ್ಕೆ ಗಾಜನ್ನು ಹಿಡಿದಿಡುವ ಬಲವಿಲ್ಲ, ಒಮ್ಮೆ ಅದು ಸವರಿಹೋದ ಜಾಗದಲ್ಲಿ ಮುಂದೆ ಒಳ್ಳೆಯ ಅಂಟೂ ಹಿಡಿಯುವುದಿಲ್ಲ.

ಈ ಅಂಟು ಗಾಳಿಯ ತೇವವನ್ನು ಹೀರಿ ಗಟ್ಟಿಯಾಗುತ್ತದೆ. ಆದ್ದರಿಂದ ಹವೆ ತಂಪಾಗಿ ಒಣಗಿದ್ದರೆ ಹೆಚ್ಚು ಹೊತ್ತು ಬೇಕು. ಬೇಗ ಹಿಡಿಯುವ ಬಗೆಯ ಅಂಟಾದರೆ ಒಂದು ಗಂಟೆಯಲ್ಲಿ ಕಾರು ಓಡಿಸಬಹುದು, ಬೇರೆ ಬಗೆಯದಾದರೆ ಹಲವು ಗಂಟೆ ಕಾಯಬೇಕಾಗುತ್ತದೆ. ಅಷ್ಟಾದರೂ ಒಳಗೆ ಪೂರ್ತಿ ಗಟ್ಟಿಯಾಗಲು ಕೆಲವು ದಿನಗಳೇ ಬೇಕು. "ಎಷ್ಟು ಹೊತ್ತಿನ ಮೇಲೆ ಓಡಿಸಬಹುದು?" ಎಂದು ಕೇಳಿ ನೋಡಿ. "ಈಗಲೇ ತೆಗೆದುಕೊಂಡು ಹೋಗಿ" ಎಂಬುದು ತಪ್ಪು ಉತ್ತರ. ಅಂಟಿನ ಹೆಸರನ್ನೂ ಅಂದಿನ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಸಮಯ ಹೇಳುವವರಿಗೆ ತಮ್ಮ ಕೆಲಸ ಗೊತ್ತಿದೆ.

ಇನ್ನು ಗಾಜಿನ ಆಯ್ಕೆ. ಮುಂಗಾಜು ಲ್ಯಾಮಿನೇಟೆಡ್ ಗಾಜು. ತಲಾ ಸುಮಾರು 2 ಮಿಲಿಮೀಟರ್ ದಪ್ಪದ ಎರಡು ಹಾಳೆಗಳ ನಡುವೆ ಪಾಲಿವಿನೈಲ್ ಬ್ಯೂಟಿರಾಲ್ ಎಂಬ ಪ್ಲಾಸ್ಟಿಕ್ಕಿನ, ಸಾಮಾನ್ಯವಾಗಿ 0.76 ಮಿಲಿಮೀಟರಿನ ಪದರವಿರುತ್ತದೆ. ಒಡೆದರೂ ಚೂರುಗಳು ಆ ಪದರಕ್ಕೇ ಅಂಟಿಕೊಂಡಿರುತ್ತವೆ. ಈ ಉಪಾಯದ ಮೂಲ ಫ್ರಾನ್ಸಿನ ಎದುಆರ್ ಬೆನೆದಿಕ್ತುಸ್ ಅವರದು. ಒಳಗೆ ಸೆಲ್ಯುಲೋಸ್ ನೈಟ್ರೇಟ್ ಒಣಗಿ ಲೇಪವಾಗಿದ್ದ ಗಾಜಿನ ಸೀಸೆಯೊಂದು ಕೆಳಗೆ ಬಿದ್ದು ಸೀಳಿದರೂ ಚದುರದೆ ಉಳಿದದ್ದನ್ನು ಗಮನಿಸಿದ ಅವರು 1909ರಲ್ಲಿ ಪೇಟೆಂಟ್ ಪಡೆದರು. ಪಕ್ಕದ ಮತ್ತು ಹಿಂದಿನ ಗಾಜುಗಳು ಹೆಚ್ಚಾಗಿ ಟಫನ್ಡ್ ಗಾಜು, ಒಡೆದರೆ ಹರಳುಗಳಂತೆ ಉದುರಿಬಿಡುತ್ತವೆ. ಅದಕ್ಕೇ ಅವುಗಳ ದರವನ್ನು ಮುಂಗಾಜಿನ ದರದೊಡನೆ ಹೋಲಿಸಬಾರದು.

ಕಂಪನಿಯ ಗಾಜೇ ಬೇಕೇ ಎಂಬುದಕ್ಕೆ ನನ್ನ ಉತ್ತರ: ಬಹಳಷ್ಟು ಕಾರುಗಳಿಗೆ ಬೇಡ. ಕಾರು ಕಂಪನಿಗಳು ಗಾಜನ್ನು ತಾವಾಗಿ ತಯಾರಿಸುವುದು ಅಪರೂಪ. ಸೇಂಟ್ ಗೋಬೆನ್ ಸೆಕುರಿಟ್, ಎಜಿಸಿ, ಪಿಲ್ಕಿಂಗ್ಟನ್, ಫುಯಾವೊದಂಥ ಗಾಜಿನ ಕಂಪನಿಗಳು ಕಾರು ಕಾರ್ಖಾನೆಗಳಿಗೆ ಗಾಜು ಪೂರೈಸುತ್ತವೆ, ಬದಲಿ ಗಾಜುಗಳನ್ನು ತಮ್ಮದೇ ಹೆಸರಿನಲ್ಲಿಯೂ ಮಾರುತ್ತವೆ. ಕಾರು ಕಂಪನಿಯ ಲಾಂಛನವಿರುವ ಗಾಜಿಗೆ ನೀವು ಕೊಡುವ ಹೆಚ್ಚಿನ ಹಣದಲ್ಲಿ ಒಂದು ಭಾಗ ಆ ಲಾಂಛನಕ್ಕೇ ಸಲ್ಲುತ್ತದೆ. ಇಂಥ ಹೆಸರುವಾಸಿ ತಯಾರಕರ ಗಾಜು, ನಿಮ್ಮ ಮೂಲ ಗಾಜಿನ ಎಲ್ಲ ಗುಣಗಳನ್ನು ಹೊಂದಿದ್ದರೆ, ಧೈರ್ಯವಾಗಿ ಹಾಕಿಸಬಹುದು. ಹೆಸರೇ ಕೇಳಿರದ, ಗುರುತು ಮುದ್ರೆಗಳಿಲ್ಲದ ಗಾಜನ್ನು ಎಷ್ಟು ಕಡಿಮೆಗೆ ಕೊಟ್ಟರೂ ನಾನು ಹಾಕಿಸುವುದಿಲ್ಲ.

ಆ ಮುದ್ರೆಯನ್ನು ಓದುವುದು ಕಷ್ಟವಲ್ಲ. ಗಾಜಿನ ಕೆಳಗಿನ ಒಂದು ಮೂಲೆಯಲ್ಲಿ ಬೆರಳೆರಡರಷ್ಟು ಜಾಗದಲ್ಲಿ ತಯಾರಕರ ಹೆಸರು, ಲ್ಯಾಮಿನೇಟೆಡ್ ಎಂಬ ಪದ, ವೃತ್ತದೊಳಗೆ ಇಂಗ್ಲಿಷಿನ 'ಇ' ಅಕ್ಷರ ಮತ್ತು ಒಂದು ಅಂಕಿ, ಅದರ ಬಳಿ 43ಆರ್ ಎಂದು ಆರಂಭವಾಗುವ ಸಂಖ್ಯೆ ಇರುತ್ತವೆ. ವಿಶ್ವಸಂಸ್ಥೆಯ ವಾಹನ ನಿಯಮಗಳಲ್ಲಿ 43ನೆಯದು ಗಾಜಿಗೆ ಸಂಬಂಧಿಸಿದ್ದು. ಅದರಡಿ ಪರೀಕ್ಷೆಯಾಗಿದೆ ಎಂಬುದಕ್ಕೆ ಇದು ಗುರುತು, ವೃತ್ತದೊಳಗಿನ ಅಂಕಿ ಒಪ್ಪಿಗೆ ನೀಡಿದ ದೇಶದ್ದು. ಎರಡು ಗೀಟಿನ ರೋಮನ್ ಅಂಕಿಯಿದ್ದರೆ ಸಾಮಾನ್ಯ ಲ್ಯಾಮಿನೇಟೆಡ್ ಮುಂಗಾಜು ಎಂದರ್ಥ. ಅಮೆರಿಕದ ಪದ್ಧತಿಯಲ್ಲಿ ಎಎಸ್1 ಎಂದು ಬರೆದಿರುತ್ತದೆ, ಅಂದರೆ ಬೆಳಕಿನ ಕನಿಷ್ಠ 70 ಶೇಕಡಾ ಪಾಲು ಅದರ ಮೂಲಕ ಹಾಯುತ್ತದೆ. ಹಳೆಯ ಗಾಜನ್ನು ತೆಗೆಸುವ ಮೊದಲೇ ಈ ಮುದ್ರೆಯ ಫೋಟೊ ತೆಗೆದಿಟ್ಟುಕೊಳ್ಳಿ.

ಫೋಟೊ ಬೇಕಾಗುವುದು ಏಕೆಂದರೆ, ಒಂದೇ ಮಾದರಿಯ ಕಾರಿಗೆ ನಾಲ್ಕೈದು ಬಗೆಯ ಮುಂಗಾಜುಗಳಿರಬಹುದು, ಮೂರು ಪಟ್ಟಿನ ವ್ಯತ್ಯಾಸದ ಒಂದು ಪಾಲು ಅಲ್ಲಿಯೂ ಅಡಗಿರುತ್ತದೆ. ಒಳಗೆ ಸದ್ದನ್ನು ಹೀರುವ ಮೆತ್ತನೆಯ ಪದರವಿರುವ ಗಾಜಿನ ಬದಲು ಸಾದಾ ಗಾಜು ಹಾಕಿದರೆ ಅದು ಕೂತುಕೊಳ್ಳುವುದೇನೋ ಸರಿಯಾಗಿಯೇ ಕೂತುಕೊಳ್ಳುತ್ತದೆ, ಆದರೆ ಹೆದ್ದಾರಿಯಲ್ಲಿ ಗಾಳಿಯ ಸದ್ದು ಮೊದಲಿಗಿಂತ ಹೆಚ್ಚಾಗಿ ಕೇಳಿಸುತ್ತದೆ. ಕೆಲವು ತಯಾರಕರು ಅಂಥ ಗಾಜಿಗೆ ಕಿವಿಯ ಚಿಹ್ನೆ ಹಾಕುತ್ತಾರೆ. ವೇಗದ ಅಂಕಿಗಳು ಗಾಜಿನ ಮೇಲೇ ಮೂಡುವ ಕಾರುಗಳಲ್ಲಿ ನಡುವಣ ಪದರ ಮೇಲಕ್ಕೆ ಹೋದಂತೆ ಕೊಂಚ ದಪ್ಪಗಾಗುವ ಬೆಣೆಯಾಕಾರದ್ದಾಗಿರುತ್ತದೆ, ಸಾದಾ ಗಾಜು ಹಾಕಿದರೆ ಅಂಕಿಗಳು ಎರಡೆರಡಾಗಿ ಕಾಣುತ್ತವೆ. ಶಾಖವನ್ನು ಹಿಂದಕ್ಕೆ ಕಳಿಸುವ ಲೋಹದ ಲೇಪವಿರುವ ಗಾಜು ರೇಡಿಯೊ ಅಲೆಗಳನ್ನೂ ತಡೆಯುವುದರಿಂದ, ರೇಡಿಯೊ ಅಲೆಗಳಿಂದಲೇ ಓದಲಾಗುವ ಟೋಲ್ ಚೀಟಿ ಅಂಟಿಸಲು ಕನ್ನಡಿಯ ಬಳಿ ಲೇಪವಿಲ್ಲದ ಒಂದು ಕಿಟಕಿಯನ್ನು ಬಿಟ್ಟಿರುತ್ತಾರೆ. ನಿಮ್ಮ ಮಳೆ ಸೆನ್ಸರ್ ಗಾಜಿನೊಳಗೆ ಅವಕೆಂಪು ಬೆಳಕನ್ನು ಹಾಯಿಸಿ, ಅದು ಎಷ್ಟು ಮರಳಿತು ಎಂದು ನೋಡಿ ಹನಿಗಳನ್ನು ಅರಿಯುತ್ತದೆ. ಸೆನ್ಸರಿಗೂ ಗಾಜಿಗೂ ನಡುವಿನ ಅಂಟಂಟಾದ ಪ್ಯಾಡನ್ನು ಹೊಸದಾಗಿ, ಗಾಳಿಗುಳ್ಳೆ ಸೇರದಂತೆ ಹಾಕದಿದ್ದರೆ ಒಣ ಬಿಸಿಲಿನಲ್ಲೂ ವೈಪರ್ ಓಡುತ್ತದೆ.

ಗಾಜು ಅಂಗಡಿಗೆ ಬಂದ ದಿನ, ಅಂಟಿಸುವ ಮೊದಲೇ ಒಂದು ಪರೀಕ್ಷೆ ಮಾಡಿ. ಅದನ್ನು ಕಾರಿನಲ್ಲಿ ಕೂರುವಷ್ಟೇ ಓರೆಯಾಗಿ ಹಿಡಿಸಿ, ಅದರ ಮೂಲಕ ದೂರದ ಬಾಗಿಲಿನ ಚೌಕಟ್ಟನ್ನೋ ಕಂಬವನ್ನೋ ನೋಡುತ್ತ ತಲೆಯನ್ನು ನಿಧಾನವಾಗಿ ಅತ್ತಿತ್ತ ಆಡಿಸಿ. ಒಳ್ಳೆಯ ಗಾಜಿನಲ್ಲಿ ಗೆರೆ ನೆಟ್ಟಗಿರುತ್ತದೆ. ಕಳಪೆಯದರಲ್ಲಿ ಅದು ನೀರಿನಡಿಯ ಕೋಲಿನಂತೆ ಬಳುಕುತ್ತದೆ. ಅಂಚಿನಲ್ಲಿ ಅಲ್ಪಸ್ವಲ್ಪ ಬಳುಕಿದರೆ ಸಹಿಸಬಹುದು, ಚಾಲಕನ ಕಣ್ಣಿನ ನೇರದಲ್ಲಿ ಬಳುಕಿದರೆ ಆ ಗಾಜು ಬೇಡವೆನ್ನಿ. ಆ ನೋಟ ಗಂಟೆಗಟ್ಟಲೆ ಓಡಿಸುವವರಿಗೆ ತಲೆನೋವು ತರುತ್ತದೆ. ಕ್ಯಾಮೆರಾಕ್ಕೂ ಅದು ಅಷ್ಟೇ ತೊಂದರೆ.

ಆ ಕ್ಯಾಮೆರಾದ ವಿಷಯದಲ್ಲಿ ರಾಜಿ ಬೇಡ. ಲೇನ್ ಗೆರೆಗಳನ್ನೂ ಮುಂದಿನ ವಾಹನವನ್ನೂ ನೋಡಿ ಎಚ್ಚರಿಸುವ, ಕೆಲವು ಕಾರುಗಳಲ್ಲಿ ತಾನೇ ಬ್ರೇಕ್ ಹಾಕುವ ಆ ಕಣ್ಣು ಗಾಜಿನ ಮೇಲಿನ ಬ್ರಾಕೆಟ್ಟಿಗೆ ಸಿಕ್ಕಿಕೊಂಡಿದೆ. ಹೊಸ ಗಾಜಿನಲ್ಲಿ ಅದರ ದಿಕ್ಕು ಒಂದೇ ಒಂದು ಡಿಗ್ರಿ ಸರಿದರೂ 100 ಮೀಟರ್ ದೂರದಲ್ಲಿ ಅದು ಸುಮಾರು 1.75 ಮೀಟರ್ ಪಕ್ಕಕ್ಕೆ ನೋಡುತ್ತಿರುತ್ತದೆ, ಅಂದರೆ ಹೆಚ್ಚುಕಡಿಮೆ ಅರ್ಧ ಲೇನು. ಅದಕ್ಕಾಗಿಯೇ ಕ್ಯಾಲಿಬ್ರೇಷನ್. ಕೆಲವು ಕಾರುಗಳಿಗೆ ಸಮತಟ್ಟಾದ ನೆಲದಲ್ಲಿ, ಟೈರಿನ ಗಾಳಿ ಸರಿಯಿಟ್ಟು, ಡಿಕ್ಕಿ ಖಾಲಿ ಮಾಡಿ, ಅಳತೆ ಮಾಡಿದ ದೂರದಲ್ಲಿ ಗುರಿ ಫಲಕ ನಿಲ್ಲಿಸಿ ಮಾಡುತ್ತಾರೆ. ಕೆಲವಕ್ಕೆ ಗೆರೆಗಳು ಸ್ಪಷ್ಟವಾಗಿರುವ ರಸ್ತೆಯಲ್ಲಿ ನಿಗದಿತ ವೇಗದಲ್ಲಿ ಓಡಿಸಿ ಮಾಡುತ್ತಾರೆ, ಕೆಲವಕ್ಕೆ ಎರಡೂ ಬೇಕು. ದಿಕ್ಕು ತಪ್ಪಿದ ಕ್ಯಾಮೆರಾ ಪ್ರತಿ ಸಲವೂ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಹೊತ್ತಿಸುವುದಿಲ್ಲ, ಆದ್ದರಿಂದ ದೀಪ ಇಲ್ಲವೆಂಬುದು ಪುರಾವೆಯಲ್ಲ. ಕೆಲಸ ಮುಗಿದ ಮೇಲೆ ಯಂತ್ರದಿಂದ ಬಂದ ವರದಿಯ ಪ್ರತಿಯನ್ನು ಕೇಳಿ ಪಡೆಯಿರಿ. ಕ್ಯಾಲಿಬ್ರೇಷನ್ನನ್ನು ಅವರು ಬೇರೆಯವರಿಂದ ಮಾಡಿಸುವುದಾದರೆ ಆ ಖರ್ಚು ಯಾರದೆಂದು ಮೊದಲೇ ಬರೆಸಿಕೊಳ್ಳಿ.

ವಿಮೆಯ ಬಗ್ಗೆ ಚಿಕ್ಕದಾಗಿ. ಸಮಗ್ರ ವಿಮೆಯಲ್ಲಿ ಗಾಜು ಸಾಮಾನ್ಯವಾಗಿ ಸೇರಿರುತ್ತದೆ. ನೀವು ಕೈಯಿಂದ ಹಾಕಬೇಕಾದ ಪಾಲು ಎಷ್ಟು, ಗಾಜಿನ ಕ್ಲೇಮಿನಿಂದ ಮುಂದಿನ ಕಂತಿನ ರಿಯಾಯಿತಿ ಹೋಗುತ್ತದೆಯೇ, ಕ್ಯಾಲಿಬ್ರೇಷನ್ ಖರ್ಚು ಸಿಗುತ್ತದೆಯೇ ಎಂಬ ಮೂರನ್ನು ಕೇಳಿಕೊಂಡು, ಕಳೆದುಕೊಳ್ಳುವ ರಿಯಾಯಿತಿ ಬರುವ ಹಣಕ್ಕಿಂತ ಹೆಚ್ಚಾದರೆ ಕೈಯಿಂದಲೇ ಕೊಡುವುದು ಲೇಸು. ಕ್ಲೇಮ್ ಮಾಡುವುದಾದರೆ ಹಳೆಯ ಗಾಜು ಕಾರಿನಲ್ಲಿರುವಾಗಲೇ ತಿಳಿಸಬೇಕು.

ನಿಮ್ಮ ಜಾಗದಲ್ಲಿ ನಾನಿದ್ದರೆ ನಡುವಣ ದರದ ಗಾಜಿನ ಅಂಗಡಿಯನ್ನೇ ಆರಿಸುತ್ತಿದ್ದೆ, ಅವರು ಗಾಜಿನ ತಯಾರಕರ ಹೆಸರು, ಅಂಟಿನ ಹೆಸರು, ಕಾಯುವ ಅವಧಿ, ಕ್ಯಾಲಿಬ್ರೇಷನ್ ವರದಿ, ಸೋರಿಕೆಯ ವಾರಂಟಿ ಇಷ್ಟನ್ನೂ ಬರೆದು ಕೊಡುವುದಾದರೆ. ಕ್ಯಾಲಿಬ್ರೇಷನ್ ಅವರಿಂದ ಆಗದಿದ್ದರೆ ಸರ್ವಿಸ್ ಸೆಂಟರಿನ ಹೆಚ್ಚಿನ ದರ ನ್ಯಾಯವೇ. ಸಣ್ಣ ಗ್ಯಾರೇಜಿನವರೂ ಇಷ್ಟನ್ನು ಬರೆದು ಕೊಟ್ಟರೆ ಅವರನ್ನು ಬಿಡಲು ಕಾರಣವಿಲ್ಲ. ಕ್ಯಾಮೆರಾ ಇಲ್ಲದ ಕಾರುಗಳಿಗೆ ಅತ್ಯಂತ ಶ್ರದ್ಧೆಯಿಂದ ಗಾಜು ಕೂರಿಸುವ ಸಣ್ಣ ಗ್ಯಾರೇಜುಗಳನ್ನು ನಾನು ಕಂಡಿದ್ದೇನೆ. ಯಾರಲ್ಲೇ ಆಗಲಿ, ವೈಪರ್ ಬ್ಲೇಡುಗಳನ್ನೂ ಅಂದೇ ಬದಲಿಸಿ, ಹಳೆಯ ರಬ್ಬರಿನಲ್ಲಿ ಕೂತ ಮರಳಿನ ಕಣ ಹೊಸ ಗಾಜನ್ನು ಮೊದಲ ಮಳೆಯಲ್ಲೇ ಗೀರುತ್ತದೆ.

ಕಾರು ಮನೆಗೆ ಬಂದ ಮೇಲೆ ಮೊದಲ ದಿನ ಒಂದು ಕಿಟಕಿಯನ್ನು ಬೆರಳಷ್ಟು ತೆರೆದಿಡಿ, ಇಲ್ಲವಾದರೆ ಬಾಗಿಲು ಜೋರಾಗಿ ಹಾಕಿದಾಗ ಒಳಗಿನ ಗಾಳಿ ಹಸಿ ಅಂಟಿನ ಮೇಲೆ ಗಾಜನ್ನು ಹೊರಕ್ಕೆ ತಳ್ಳುತ್ತದೆ. ಅಂಚಿನ ಟೇಪುಗಳನ್ನು ಅವರು ಹೇಳಿದ ದಿನದವರೆಗೆ ತೆಗೆಯಬೇಡಿ, ಎರಡು ದಿನ ಒತ್ತಡದ ನೀರಿನಲ್ಲಿ ತೊಳೆಸಬೇಡಿ. ಮೂರನೆಯ ದಿನ ಸಾಧಾರಣ ಪೈಪಿನಿಂದ ಗಾಜಿನ ಮೇಲಂಚಿಗೆ ಐದು ನಿಮಿಷ ನೀರು ಬಿಟ್ಟು, ಮುಂದಿನ ಎರಡೂ ಸೀಟುಗಳಲ್ಲಿ ಕಾಲಿಡುವ ಕಡೆಯ ಕಾರ್ಪೆಟ್ಟನ್ನು ಅಂಗೈಯಿಂದ ಒತ್ತಿ ನೋಡಿ. ಅಂಗೈಗೆ ತೇವ ತಾಗಿದರೆ, ಮರುದಿನಕ್ಕೆ ಮುಂದೂಡದೆ ಅಂದೇ ಕಾರನ್ನು ಗಾಜು ಹಾಕಿದವರ ಬಳಿಗೆ ಒಯ್ಯಿರಿ.